ಬೆವರ್ಲಿಗೆ ಮನೆ ನೋಡಲು ಹೋದದ್ದು

ಶನಿವಾರ ಬೆಳಿಗ್ಗೆ ಹಲ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ನಮ್ಮಣ್ಣ ಬಿಳಿ ಪಂಚೆ, ತುಂಬುತೋಳಿನ ಅಂಗಿ, ಅದರ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಲ್ಯ ಹೊದ್ದು ನಿಂತಿದ್ದ. ತಲೆಗೆ ಮಂಕಿ ಟೋಪಿ. ವಿಭೂತಿ ಕಾಣಲೆಂದು ಅದನ್ನು ಹಣೆಯಿಂದ ಮೇಲಕ್ಕೆ ಸರಿಸಿಕೊಂಡಿದ್ದ. ಮೇ ತಿಂಗಳ ಕೊನೆ, ಇಂಗ್ಲೆಂಡಿನವರ ಪ್ರಕಾರ ಅದು ಬೇಸಿಗೆ. ಸುತ್ತಲಿನ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು. ನನಗೆ ಹಲ್ಲು ಕಟಕಟ ಅನ್ನುತ್ತಿತ್ತು.

"ಪ್ಯಾಂಟ್ ಹಾಕ್ಕೊ ಅಂದ್ರೆ ಕೇಳ್ಲಿಲ್ಲ, ಕಾಲು ಮರಗಟ್ಟಿ ಹೋಗುತ್ತೆ ನೋಡು," ಅಂದೆ.

"ಮನೆ ನೋಡೋಕೆ ಹೋಗ್ತಿರೋದು ಕಣೋ ಚಂದ್ರ, ಸಿನಿಮಾಕ್ಕಲ್ಲ," ಅಂದ ಅಣ್ಣ.

ವಿಷಯ ಇಷ್ಟು. ಅಣ್ಣನ ಒಬ್ಬಳೇ ಮಗಳು ಸುಮಾ ನಾಲ್ಕು ವರ್ಷದಿಂದ ಹಲ್‌ನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯೇ ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡುವ ಟಾಮ್ ಎಂಬ ಹುಡುಗನನ್ನು ಮದುವೆಯಾಗಬೇಕೆಂದು ಅವಳ ಆಸೆ. ಹುಡುಗನ ಅಪ್ಪ ಅಮ್ಮ ಇರುವುದು ಹಲ್‌ಗೆ ಹತ್ತಿರದ ಬೆವರ್ಲಿಯಲ್ಲಿ. ಫೋನಿನಲ್ಲಿ ಸುಮಾ ಒಂದೇ ಮಾತು ಹೇಳಿದ್ದಳು: "ಅಪ್ಪ ಬೇಡ ಅಂದ್ರೆ ನಾನು ಈ ಮದುವೆ ಆಗಲ್ಲ. ಆದ್ರೆ ಬೇರೆ ಯಾರನ್ನೂ ಆಗು ಅಂತ ಕೇಳ್ಬೇಡಿ." ಅಣ್ಣ ಎರಡು ದಿನ ನಮ್ಮೂರು ಸಖರಾಯಪಟ್ಟಣದಲ್ಲಿ ತೋಟದಿಂದ ಮನೆಗೆ, ಮನೆಯಿಂದ ತೋಟಕ್ಕೆ ಓಡಾಡಿ, ಮೂರನೆಯ ದಿನ ಕಡೂರಿನ ನನ್ನ ಮೋಟಾರು ರಿವೈಂಡಿಂಗ್ ಅಂಗಡಿಗೆ ಬಂದು, "ಮನೆ ನೋಡದೆ ಹೆಣ್ಣು ಕೊಡಕ್ಕಾಗಲ್ಲ. ಪಾಸ್‌ಪೋರ್ಟ್ ಮಾಡ್ಸು, ಹೋಗ್ ಬರಣ," ಅಂದ. ಅತ್ತಿಗೆಗೆ ಮಂಡಿ ನೋವು, ಬರುವ ಹಾಗಿರಲಿಲ್ಲ. ಇಂಗ್ಲಿಷು ಬಲ್ಲವನು ಎಂದು ನಾನು ಜೊತೆಗಾರನಾದೆ. ನನ್ನ ಇಂಗ್ಲಿಷು ಪಂಪ್‌ಸೆಟ್ ಕಂಪನಿಗಳ ಜೊತೆ ಜಗಳವಾಡಿ ಕಲಿತದ್ದು.

ಓದುವವರಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯ ಗಂಡಸರು ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ಕೊಟ್ಟಿಗೆ, ಬಾವಿ, ಹಿತ್ತಿಲು ನೋಡುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಮನಸ್ಸು ಗಟ್ಟಿಯಾಗಿ ಮಾತು ಕೊಡುವ ತನಕ ಆ ಮನೆಯಲ್ಲಿ ಉಪ್ಪು ಮುಟ್ಟುವುದಿಲ್ಲ, ರಾತ್ರಿ ತಂಗುವುದಿಲ್ಲ. ಈಗೀಗ ಈ ಕಟ್ಟುನಿಟ್ಟನ್ನು ಯಾರೂ ಇಟ್ಟುಕೊಂಡಿಲ್ಲ. ಮೊದಲ ದಿನವೇ ಗಂಡಿನ ಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು ತಿಂದು, ಎರಡು ಸಲ ಕಾಫಿ ಕುಡಿದು ಬರುತ್ತಾರೆ. ನಮ್ಮಣ್ಣ ಮಾತ್ರ ಜಪ್ಪಯ್ಯ ಅಂದರೂ ಬಿಡುವವನಲ್ಲ. ಅದು ಇಂಗ್ಲೆಂಡಿನಲ್ಲೂ ನಡೆಯುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ, ಲಂಡನ್ನಿನಿಂದ ಎರಡೂವರೆ ಗಂಟೆಯ ರೈಲು, ಸುಮಾಳ ಬಾಡಿಗೆ ಮನೆಯಲ್ಲಿ ಎರಡು ದಿನದ ನಿದ್ದೆ. ಅಷ್ಟಾದ ಮೇಲೆ ಈ ಶನಿವಾರ ಬಂದಿತ್ತು. ಸೋಮವಾರ ಅಲ್ಲಿ ಸಾರ್ವಜನಿಕ ರಜೆ, ಹಾಗಾಗಿ ಮೂರು ದಿನ ಸಿಕ್ಕಿತ್ತು. ಸುಮಾ ಶುಕ್ರವಾರದ ರಾತ್ರಿ ಪಾಳಿ ಮುಗಿಸಿ ನಿಲ್ದಾಣಕ್ಕೇ ನೇರವಾಗಿ ಬಂದಳು. ಹಲ್‌ನಿಂದ ಬೆವರ್ಲಿಗೆ ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ. ಕಡೂರಿನಲ್ಲಿ ಹತ್ತಿ ಬೀರೂರು ದಾಟಿ ಒಂದಿಷ್ಟು ಮುಂದೆ ಹೋದಷ್ಟು ದೂರ. ಹೋಗಿಬರುವ ಟಿಕೆಟ್ಟು ಒಬ್ಬರಿಗೆ ಏಳೆಂಟು ಪೌಂಡು. ಅಣ್ಣ ಅದನ್ನು ತೆಂಗಿನಕಾಯಿಯ ಲೆಕ್ಕಕ್ಕೆ ಹಾಕಿ ನೋಡಿ, ಕಣ್ಣು ಮುಚ್ಚಿಕೊಂಡು ಕೂತ.

ಬೆವರ್ಲಿಯ ನಿಲ್ದಾಣ ಚಿಕ್ಕದು, ಹಳೆಯದು, ಮೇಲೆ ಕಮಾನಿನ ಚಾವಣಿ. ಟಾಮ್ ಕಾರು ತಂದಿದ್ದ. ಎತ್ತರದ, ಕೆಂಪುಗೂದಲಿನ ಹುಡುಗ. ಸುಮಾ ಹೇಳಿಕೊಟ್ಟಿದ್ದಳೋ ಏನೋ, ಬಗ್ಗಿ ಅಣ್ಣನ ಕಾಲು ಮುಟ್ಟಲು ಬಂದ. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಕಾರು ಹತ್ತಲೂ ಒಪ್ಪಲಿಲ್ಲ. "ಊರು ನಡ್ಕೊಂಡು ನೋಡ್ಬೇಕು," ಅಂದ. ಸರಿ, ಚೀಲಗಳು ಕಾರಿನಲ್ಲಿ ಹೋದವು, ನಾವು ನಡೆದೆವು.

ಊರು ನೋಡಿದರೆ ನನಗಂತೂ ಖುಷಿಯಾಯಿತು. ಎಲ್ಲಿ ನಿಂತರೂ ಮನೆಗಳ ಮೇಲೆ ದೊಡ್ಡ ಚರ್ಚಿನ ಜೋಡಿ ಗೋಪುರ ಕಾಣುತ್ತದೆ. ಬೀದಿಗಳು ಸೊಟ್ಟಸೊಟ್ಟ, ಇಟ್ಟಿಗೆಯ ಮನೆಗಳು ಒಂದಕ್ಕೊಂದು ಆತುಕೊಂಡಿವೆ. ಸಂತೆ ಮೈದಾನಗಳು ಎರಡು. ಒಂದರ ಹೆಸರು ಬುಧವಾರದ ಸಂತೆ, ಇನ್ನೊಂದರದ್ದು ಶನಿವಾರದ ಸಂತೆ. ನಾವು ಹೋದದ್ದು ಶನಿವಾರವಾದ್ದರಿಂದ ಸಂತೆ ಭರ್ತಿಯಾಗಿತ್ತು. ಪಟ್ಟೆಪಟ್ಟೆ ಡೇರೆಗಳ ಕೆಳಗೆ ಆಲೂಗಡ್ಡೆ, ಚೀಸು, ಮೀನು, ಉಣ್ಣೆಯ ಟೋಪಿ, ಹೂವಿನ ಸಸಿ. ಅಣ್ಣ ಒಂದು ಈರುಳ್ಳಿ ಎತ್ತಿ ಒತ್ತಿ ನೋಡಿ, "ನೀರು ಜಾಸ್ತಿ ಕೊಟ್ಟಿದಾರೆ," ಅಂದ. ಅಂಗಡಿಯವಳು ಏನು ಹೇಳಿದರೆಂದು ಕೇಳಿದಳು. ಚೆನ್ನಾಗಿದೆ ಅಂದರು ಎಂದೆ.

ಸಂತೆ ದಾಟಿ ಸ್ವಲ್ಪ ಮುಂದೆ ಊರಿನ ಹಳೆಯ ಇಟ್ಟಿಗೆಯ ಹೆಬ್ಬಾಗಿಲು. ಐದಾರುನೂರು ವರ್ಷದ್ದಂತೆ. ಇವತ್ತಿಗೂ ವಾಹನಗಳು ಅದರೊಳಗೆ ಒಂದೊಂದಾಗಿ ನುಸುಳುತ್ತವೆ. ಟಾಮ್‌ನ ಅಪ್ಪ ಕೀತ್ ಇದೇ ಊರಿನಲ್ಲಿ ಬಸ್ಸಿನ ಡ್ರೈವರಾಗಿದ್ದವರು. ಹಿಂದೆ ಈ ಬಾಗಿಲಿನ ಕಮಾನಿಗೆ ತಾಗದ ಹಾಗೆ ಬಸ್ಸಿನ ನೆತ್ತಿಯನ್ನೇ ಎರಡೂ ಕಡೆ ಇಳಿಜಾರು ಮಾಡಿ ಕಟ್ಟಿಸುತ್ತಿದ್ದರು ಎಂದು ಆಮೇಲೆ ಅವರೇ ಹೇಳಿದರು. ಬಾಗಿಲು ಒಡೆಯದೆ ಬಸ್ಸನ್ನೇ ತಿದ್ದಿದ ಊರು ಎಂದು ತಿಳಿದು ನನಗೆ ಅದರ ಮೇಲೆ ಗೌರವ ಬಂತು.

ಟಾಮ್‌ನ ಮನೆಯಲ್ಲಿ ನಮಗೆಂದು ಒಂದು ಕೋಣೆ ಸಿದ್ಧಮಾಡಿದ್ದರು. ನಾವು ಉಳಿದದ್ದು ಹೆಬ್ಬಾಗಿಲಿನ ಹತ್ತಿರದ ಒಂದು ಲಾಡ್ಜಿನಲ್ಲಿ. ಸುಮಾ ಅದಕ್ಕೆ ಏನೋ ಸಬೂಬು ಹೇಳಿ ಸುಧಾರಿಸಿದ್ದಳು. ಊಟದ ವಿಷಯಕ್ಕೆ ಅಪ್ಪ ಪರದೇಶದಲ್ಲಿ ಸಡಿಲ ಬಿಟ್ಟಾರು ಎಂದು ನಂಬಿದ್ದಳು. ನಾನೂ ಹಾಗೇ ನಂಬಿದ್ದೆ. ಇಬ್ಬರೂ ಅಣ್ಣನನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋದೆವು. ಸಾಲುಮನೆಗಳಲ್ಲಿ ಒಂದು. ಕೆಳಗೆ ಎರಡು ಕೋಣೆ, ಮೇಲೆ ಎರಡು. ಹಿಂದೆ ಚೂರು ಹಿತ್ತಿಲು, ಅದರಲ್ಲಿ ಕೋಲು ನೆಟ್ಟು ಹಬ್ಬಿಸಿದ ಬೀನ್ಸಿನ ಬಳ್ಳಿ. ಅಣ್ಣ ಬೂಟು ಬಿಚ್ಚಿ, ಎಲ್ಲ ಕೋಣೆಗೂ ಇಣುಕಿ, ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ, ಹಿತ್ತಿಲಿನ ಮಣ್ಣು ಚಿಟಿಕೆ ಹಿಡಿದು ಉಜ್ಜಿ ನೋಡಿದ. ಕೀತ್ ಅವನ ಹಿಂದೆಯೇ ಓಡಾಡಿ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದರು. ಅವರ ಹೆಂಡತಿ ಜೂಡಿ ಒಲೆಯ ಮುಂದೆ ಬೆವರುತ್ತಿದ್ದರು. ಗಿಡ್ಡನೆಯ, ಚುರುಕಿನ ಹೆಂಗಸು. ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುವುದು ಅವರ ಉದ್ಯೋಗ.

ಮೇಜಿನ ಮೇಲೆ ಏನುಂಟು ಏನಿಲ್ಲ. ಆಲೂಗಡ್ಡೆ, ಬಟಾಣಿ ತುಂಬಿ ಹಿಟ್ಟು ಮುಚ್ಚಿ ಬೇಯಿಸಿದ ದೊಡ್ಡ ಪೈ. ಹೊಸದಾಗಿ ಸುಟ್ಟ ಬ್ರೆಡ್ಡು. ಮೊಟ್ಟೆ ಹಾಕದ ಕೇಕು. ಮಧ್ಯದಲ್ಲಿ ಒಂದು ಬಟ್ಟಲು ತುಂಬ ನಿಂಬೆಹಣ್ಣಿನ ಚಿತ್ರಾನ್ನ. ಅದನ್ನು ಜೂಡಿ ಸುಮಾಳಿಂದ ಕಲಿತು, ವಾರವಿಡೀ ಮಾಡಿ ಮಾಡಿ ಕೆಡಿಸಿ, ಕೊನೆಗೆ ಸರಿ ಬಂದಿತ್ತಂತೆ. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಕುರ್ಚಿ ಎಳೆದುಕೊಂಡೇ ಬಿಟ್ಟಿದ್ದೆ.

ಅಣ್ಣ ನಿಂತಲ್ಲೇ ಕೈ ಮುಗಿದ. "ಚಂದ್ರ, ಹೇಳು. ಮನೆ ನೋಡೋಕೆ ಬಂದೋರು ನಾವು. ಮಾತು ಮುಗಿಯೋವರ್ಗೂ ಉಣ್ಣಂಗಿಲ್ಲ. ತಪ್ಪು ತಿಳ್ಕೋಬಾರ್ದು ಅಂತ ಹೇಳು."

"ಅಣ್ಣ, ಒಂದು ತುತ್ತು," ಅಂದೆ ಮೆಲ್ಲಗೆ.

"ಹೇಳು ಅಂದ್ನಲ್ಲ."

ಹೇಳಿದೆ. ಬೆಣ್ಣೆಯ ಹಾಗೆ ಹೇಳಬೇಕಿತ್ತು, ನನ್ನ ಪಂಪ್‌ಸೆಟ್ಟಿನ ಇಂಗ್ಲಿಷಿನಲ್ಲಿ ಅದು ನೋಟೀಸು ಕೊಟ್ಟಂತೆ ಬಂತು. ಜೂಡಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಅಂದರೆ ನಾವು ಪಾಸಾಗಿದ್ದೇವೋ ಇಲ್ಲವೋ ಗೊತ್ತಾಗುವ ತನಕ ನಮ್ಮ ಅನ್ನ ನಿಮಗೆ ಆಗದು, ಹೌದಾ?" ಎಂದು ಕೇಳಿದರು. ಮುಖ ಕೆಂಪಾಗಿತ್ತು. "ನನ್ನ ಮೇಜಿನಿಂದ ಇವತ್ತಿನವರೆಗೆ ಯಾರೂ ಹಸಿದು ಹೋಗಿಲ್ಲ. ಹೀಗೆ ಯಾರೂ ನನಗೆ ಅವಮಾನ ಮಾಡಿಲ್ಲ."

ಟಾಮ್ ನೆಲ ನೋಡುತ್ತಿದ್ದ. ಸುಮಾ ಕಣ್ಣಲ್ಲಿ ನೀರು ತುಂಬಿಕೊಂಡು, ಏನು ಮಾಡಬೇಕೆಂದು ತೋಚದೆ ತಟ್ಟೆಗಳನ್ನು ಎತ್ತಲು ಶುರುಮಾಡಿದಳು. ಜೂಡಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. "ನೀನು ಕೂತುಕೋ. ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಬಂದಿದ್ದೀಯ," ಎಂದು ಅವಳನ್ನು ಕೂರಿಸಿ, ಪೈ ಕತ್ತರಿಸಿ ಬಡಿಸಿ, ತಿನ್ನುವವರೆಗೆ ಪಕ್ಕದಲ್ಲೇ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, ಸಭ್ಯರಾದವರು ಹೀಗೆ ಮಾಡುವುದಿಲ್ಲ ಎಂದು ಇನ್ನೂ ಒಂದಿಷ್ಟು ಅಂದರು. ನಾನು ಅದನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ಎವೆಯಿಕ್ಕದೆ ಆ ಮೇಜಿನ ಕಡೆಯೇ ನೋಡುತ್ತಿದ್ದ. ನಾಚಿಕೆಯಿಂದ ನಾನು ಕುಗ್ಗಿ ಹೋಗಿದ್ದೆ.

ಲಾಡ್ಜಿಗೆ ಬಂದು ಚೀಲದಲ್ಲಿದ್ದ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ತಿಂದೆವು. ನನಗೆ ಪಿತ್ತ ನೆತ್ತಿಗೇರಿತ್ತು. ಸಂಜೆ ಹೆಬ್ಬಾಗಿಲಿನ ಹತ್ತಿರದ ಬೆಂಚಿನಲ್ಲಿ ಕೂತಾಗ ಸಿಟ್ಟು ಕಾರಿಕೊಂಡೆ. ಸಂಜೆ ಅಂದರೆ ಏಳು ಗಂಟೆ. ಅಲ್ಲಿ ಆ ಹೊತ್ತಿಗೆ ನಮ್ಮ ನಾಲ್ಕು ಗಂಟೆಯ ಬಿಸಿಲಿರುತ್ತದೆ.

"ಇದು ಸಖರಾಯಪಟ್ಟಣ ಅಲ್ಲ ಅಣ್ಣ. ಆಯಮ್ಮ ವಾರ ಎಲ್ಲ ಕಷ್ಟಪಟ್ಟು ಮಾಡಿದಾರೆ. ನಿನ್ನ ಹಟಕ್ಕೆ ಮಗು ಅತ್ತಿದ್ದು ನೋಡಿದ್ಯಲ್ಲ, ಸಾಕಾ?"

ಅಣ್ಣ ಶಲ್ಯವನ್ನು ಬಿಗಿಯಾಗಿ ಹೊದ್ದುಕೊಂಡ. ಆಮೇಲೆ, "ಗಿರಿಜಾನ್ನ ಕೊಡೋವಾಗ ಮನೆ ನೋಡಕ್ಕೆ ಹೋಗಿದ್ವಲ್ಲ, ಅಪ್ಪ ನಾನು. ಆಗ ನೀನಿನ್ನೂ ಕೂಸು," ಅಂದ.

ಗಿರಿಜಕ್ಕ ಅಣ್ಣನಿಗೆ ತಂಗಿ, ನನಗೆ ಅಕ್ಕ. ಅವಳನ್ನು ಕೊಟ್ಟದ್ದು ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಗೆ. ಮದುವೆಯಾಗಿ ಕೆಲವು ವರ್ಷಕ್ಕೆ ಒಂದು ಕೈಚೀಲ ಹಿಡಿದುಕೊಂಡು ವಾಪಸ್ ಬಂದಳು. ಮತ್ತೆ ಹೋಗಲಿಲ್ಲ. ನನ್ನನ್ನೂ ಅವಳೇ ಸಾಕಿದಳು, ಸುಮಾಳನ್ನೂ ಅವಳೇ ಎತ್ತಿ ಆಡಿಸಿದಳು. ಅತ್ತೆ ಹೊಡೆಯುತ್ತಿದ್ದಳು ಎಂಬುದಷ್ಟೇ ನನಗೆ ತಿಳಿದಿದ್ದದ್ದು.

"ಅಪ್ಪಂಗೆ ಹಸಿವು ತಡೆಯೋಕಾಗ್ತಿರಲಿಲ್ಲ. ಕರೆದ ತಕ್ಷಣ ಎಲೆ ಮುಂದೆ ಕೂತ್ರು, ನಾನೂ ಕೂತೆ. ಉಣ್ತಾ ಉಣ್ತಾ ಮದುವೆ ಖರ್ಚಿನ ಮಾತು ಬಂದು ಸ್ವಲ್ಪ ಜೋರಾಯ್ತು. ಆ ಅತ್ತೆ ನಮ್ಮೆದುರಿಗೆ ನಗ್ತಾನೇ ಇದ್ಲು ಕಣೋ. ನಾನು ಉಂಡು ಹಿತ್ತಿಲಿಗೆ ಕೈ ತೊಳಿಯಕ್ಕೆ ಹೋದೆ. ಒಳಗಡೆ ಅವಳ ಹಿರೇ ಸೊಸೆ ಲೋಟ ಕೆಡವಿದ್ಲೋ ಏನೋ, ಕೆನ್ನೆಗೆ ಬಿಟ್ಲು ನೋಡು. ನಮ್ಮ ಮೇಲಿನ ಸಿಟ್ಟು ಅವಳ ಮೇಲೆ ತೀರಿಸ್ಕೊಂಡ್ಲು. ಅಪ್ಪನ್ನ ಹೊರಕ್ಕೆ ಕರೆದು ಹೇಳ್ದೆ. 'ಉಂಡಾಗಿದೆ ಕಣಪ್ಪ, ಈಗ ಯಾವ ಬಾಯಲ್ಲಿ ಒಲ್ಲೆ ಅನ್ಲಿ' ಅಂದ್ರು. ನಾನೂ ಸುಮ್ನಾದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಭಾನುವಾರ ಬೆಳಿಗ್ಗೆ ಸಣ್ಣ ಮಳೆ. ಅಣ್ಣ ಸ್ನಾನ ಮಾಡಿ ಲಾಡ್ಜಿನ ಕಿಟಕಿಯ ಬಳಿ ಕೂತು ಲಿಂಗಪೂಜೆ ಮುಗಿಸಿದ. ಲಾಡ್ಜಿನಲ್ಲಿ ಕೊಟ್ಟ ಸುಟ್ಟ ಬ್ರೆಡ್ಡು, ಟೊಮೆಟೊ ರಸದಲ್ಲಿ ಬೆಂದ ಕಾಳು ತಿಂದ. ಕಾಳಿಗೆ ಸಕ್ಕರೆ ಹಾಕಿದ್ದಾರೆಂದು ಮುಖ ಕಿವುಚಿದರೂ ತಟ್ಟೆ ಖಾಲಿ ಮಾಡಿದ. ಅಷ್ಟರಲ್ಲಿ ಕೀತ್ ಬಂದರು, ಅವರ ಹಿಂದೆಯೇ ತನ್ನ ಕೋಣೆಯಿಂದ ಸುಮಾ. ಜೂಡಿ ಬಂದಿರಲಿಲ್ಲ. ಹಿಂದಿನ ದಿನದ ಬಗ್ಗೆ ಕೀತ್ ಒಂದು ಮಾತೂ ಎತ್ತದೆ, ನಿಮಗೆ ದನಗಳನ್ನು ತೋರಿಸುತ್ತೇನೆ ಬನ್ನಿ ಅಂದರು.

ಊರಿಗೆ ಅಂಟಿಕೊಂಡೇ ಪಶ್ಚಿಮಕ್ಕೆ ಒಂದು ದೊಡ್ಡ ಹುಲ್ಲುಗಾವಲು. ಆರುನೂರು ವರ್ಷಕ್ಕೂ ಮೇಲಿಂದ ಅದು ಊರಿನವರ ಕೈಯಲ್ಲೇ ಇದೆಯಂತೆ. ಬೇಲಿ ಹಾಕಿ ಯಾರೂ ಮನೆ ಕಟ್ಟಿಲ್ಲ. ದಿಬ್ಬದ ಮೇಲೆ ರೆಕ್ಕೆ ಕಳೆದುಕೊಂಡ ಹಳೆಯ ಗಾಳಿಗಿರಣಿಯ ಕಪ್ಪು ಗೋಪುರ, ಅಲ್ಲಲ್ಲಿ ಬಿಳಿ ಹೂ ಬಿಟ್ಟ ಮುಳ್ಳುಗಿಡ. ಅದರ ನಡುವೆಯೇ ಡಾಂಬರು ರಸ್ತೆ ಹಾದು ಹೋಗುತ್ತದೆ. ನಾವು ಹೋದಾಗ ರಸ್ತೆಯ ಮಧ್ಯದಲ್ಲಿ ಎರಡು ಹಸು ಮಲಗಿ ಮೆಲುಕು ಹಾಕುತ್ತಿದ್ದವು. ಎರಡೂ ಕಡೆ ಕಾರುಗಳು ನಿಂತಿದ್ದವು. ಒಬ್ಬನೂ ಹಾರನ್ ಹೊಡೆಯಲಿಲ್ಲ.

ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಹುಲ್ಲಿಗಿಳಿದ. "ದನ ಮೇಯೋ ನಮ್ಮ ಎಮ್ಮೆದೊಡ್ಡಿ ಕಾವಲು ಇದ್ದಂಗಿದೆ ಕಣೋ, ಆದ್ರೆ ಹುಲ್ಲು ಹೆಂಗಿದೆ ನೋಡು," ಅಂದ. ಒಂದು ಹಸುವಿನ ಬೆನ್ನು ಸವರಿ, ತಲೆ ನೋಡಿ, "ಕೊಂಬೇ ಇಲ್ವಲ್ಲೋ, ಇದನ್ನ ಹೆಂಗೆ ದನ ಅನ್ನೋದು," ಎಂದು ಬೇಸರಪಟ್ಟ. ಅಮೃತಮಹಲ್ ದನದ ಕೊಂಬು ಎಷ್ಟುದ್ದ ಎಂದು ಕೈಯಗಲಿಸಿ ಕೀತ್‌ಗೆ ತೋರಿಸಿದ. ಕೀತ್ ನಂಬಲಿಲ್ಲ. ಮೊಬೈಲಿನಲ್ಲಿ ನಾನು ಫೋಟೋ ತೋರಿಸಿದ ಮೇಲೆ ಅವರು ಅದನ್ನು ದಾರಿಹೋಕರಿಗೆಲ್ಲ ತೋರಿಸುತ್ತ ಬಂದರು. ಭಾಷೆ ಬಾರದ ಇಬ್ಬರು ದನದ ವಿಷಯವಾಗಿ ಒಂದು ಗಂಟೆ ಹರಟೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಮನೆ ನೋಡಿದ ಮೇಲೆ ಅಕ್ಕಪಕ್ಕ ವಿಚಾರಿಸಬೇಕಲ್ಲ. ಕೀತ್ ಯಾರೊಂದಿಗೋ ಮಾತಿಗೆ ನಿಂತಾಗ, ಅವರ ಪಕ್ಕದ ಮನೆಯಲ್ಲೇ ಇರುವ ಒಬ್ಬ ಮುದುಕರು ನಾಯಿ ಹಿಡಿದುಕೊಂಡು ಬಂದರು. ಸುಮಾ ಪರಿಚಯ ಮಾಡಿಸಿದಳು. ಅಣ್ಣ ನನ್ನನ್ನು ತಿವಿದ. "ಕೇಳೋ. ಜನ ಹೆಂಗೆ, ಕುಡ್ದು ಗಲಾಟೆ ಮಾಡ್ತಾರಾ, ಗಂಡ ಹೆಂಡ್ತಿ ಕಿತ್ತಾಡ್ತಾರಾ, ಎಲ್ಲಾ ಕೇಳು." ಸುಮಾ ತಲೆ ಮೇಲೆ ಕೈ ಹೊತ್ತುಕೊಂಡಳು. ನಾನು ಮಾನ ಮರ್ಯಾದೆ ಎಲ್ಲ ಬಿಟ್ಟು ಕೇಳಿದೆ. ಮುದುಕರು ಕಕ್ಕಾಬಿಕ್ಕಿಯಾಗಿ ನನ್ನನ್ನೂ ಅಣ್ಣನ ಪಂಚೆಯನ್ನೂ ನೋಡಿ, ತುಸು ಯೋಚಿಸಿ, "ಪರವಾಗಿಲ್ಲ," ಅಂದರು. ಅಷ್ಟೇ. ನಾಯಿ ಎಳೆದುಕೊಂಡು ಹೊರಟುಬಿಟ್ಟರು.

ಅಣ್ಣನಿಗೆ ಸಮಾಧಾನವಾಯಿತು. "ಹೊಗಳಿದ್ರೆ ಅನುಮಾನ ಬರ್ತಿತ್ತು," ಅಂದ.

ಆದರೆ ವಾಪಸ್ಸು ಬರುವಾಗ ಸುಮಾ ನನ್ನ ತೋಳು ಹಿಡಿದು ಹಿಂದಕ್ಕೆ ನಿಲ್ಲಿಸಿದಳು. "ಚಿಕ್ಕಪ್ಪ, ಜೂಡಿ ನಿನ್ನೆಯಿಂದ ಟಾಮ್ ಹತ್ರಾನೂ ಸರಿಯಾಗಿ ಮಾತಾಡಿಲ್ಲ. ನನ್ನ ಮೇಜಿನಲ್ಲಿ ಕೂತು ಉಣ್ಣೋಕೆ ಆಗದೋರ ಜೊತೆ ನಾನು ಹೆಂಗೆ ಬೀಗತನ ಮಾಡ್ಲಿ ಅಂದ್ರಂತೆ. ಅಪ್ಪ ಹ್ಞೂ ಅಂದು, ಅವರೇ ಬೇಡ ಅಂದ್ಬಿಟ್ರೆ ಏನ್ಮಾಡ್ಲಿ?"

ಹುಡುಗಿ ಅಳುತ್ತಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ನೋಡಲು ಬಂದವರು ನಾವು, ಒಪ್ಪುವವರು ಬಿಡುವವರು ನಾವು ಎಂದು ಬೀಗುತ್ತಿದ್ದೆವಲ್ಲ, ಆ ಕಡೆಯಿಂದಲೂ ಇಲ್ಲ ಎಂಬ ಮಾತು ಬರಬಹುದು ಎಂದು ನನ್ನ ತಲೆಗೇ ಹೊಳೆದಿರಲಿಲ್ಲ. ಲಾಡ್ಜಿಗೆ ಹೋಗಿ ಅಣ್ಣನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವನು ಶಲ್ಯದ ತುದಿ ಹಿಡಿದು ಮಡಿಸುತ್ತ ಬಿಚ್ಚುತ್ತ ಕೂತ. "ಆಯಮ್ಮಂಗೆ ಕಾರಣ ಹೇಳ್ಬೇಕಿತ್ತು," ಅಂದ ಕೊನೆಗೆ.

ಸೋಮವಾರ ಬೆಳಿಗ್ಗೆ ಮೋಡ ಹರಿದು ಚೆನ್ನಾಗಿ ಬಿಸಿಲು ಬಿದ್ದಿತ್ತು. ಅಣ್ಣ, ನಾನು, ಸುಮಾ ಮೂವರೂ ಜೂಡಿಯ ಮನೆಗೆ ಹೋದೆವು. ಬಾಗಿಲು ತೆರೆದವರು ಜೂಡಿಯೇ. ಒಳಗೆ ಬನ್ನಿ ಅಂದರು, ದನಿಯಲ್ಲಿ ಬಿಗುವಿತ್ತು. ಅಣ್ಣ ಹೊಸ್ತಿಲಾಚೆಯೇ ನಿಂತು, "ಸುಮಿ, ನೀನು ಹೇಳವ್ವ, ನಿನ್ನ ಚಿಕ್ಕಪ್ಪ ಕೆಡಿಸ್ತಾನೆ," ಅಂದ. ಆಮೇಲೆ ಗಿರಿಜಕ್ಕನ ಕತೆಯನ್ನು ಒಂದೊಂದೇ ಮಾತಾಗಿ ಹೇಳಿದ. ಸುಮಾಳಿಗೂ ಅದು ಗೊತ್ತಿರಲಿಲ್ಲ. ತನ್ನನ್ನು ಎತ್ತಿ ಆಡಿಸಿದ ಸೋದರತ್ತೆಯ ಕತೆಯನ್ನು ಇಂಗ್ಲಿಷಿಗೆ ತಿರುಗಿಸುತ್ತ ಅವಳು ಎರಡು ಸಲ ನಿಲ್ಲಿಸಿ ಮೂಗು ಒರೆಸಿಕೊಂಡಳು.

ಜೂಡಿ ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದರು. ಒಳಗೆ ಹೋಗಿ ಎರಡು ಕುರ್ಚಿ ತಂದು ಬಾಗಿಲ ಮುಂದೆ ಬಿಸಿಲಿಗೆ ಹಾಕಿದರು. ಒಂದರಲ್ಲಿ ಅಣ್ಣನನ್ನು ಕೂರಿಸಿ ಇನ್ನೊಂದರಲ್ಲಿ ತಾವು ಕೂತರು. "ಇದನ್ನು ಶನಿವಾರವೇ ಹೇಳಿದ್ದರೆ ನಾನು ಒಲೆಯನ್ನೇ ಹಚ್ಚುತ್ತಿರಲಿಲ್ಲ," ಅಂದರು. "ನೋಡಿ. ನಿಮಗೆ ಬೇಕಾದಷ್ಟು ಹೊತ್ತು ನೋಡಿ. ನನಗೆ ಮಗಳಿದ್ದಿದ್ದರೆ ನಾನೂ ನೋಡುತ್ತಿದ್ದೆ." ಏನನ್ನೂ ತಿನ್ನಿ, ಕುಡಿಯಿರಿ ಎನ್ನಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು, "ನಿಮ್ಮ ತಂಗಿ ಈಗ ಎಲ್ಲಿದ್ದಾರೆ?"

"ನಮ್ಮನೇಲೇ," ಅಂದ ಅಣ್ಣ.

"ಈ ಮದುವೆಯ ಬಗ್ಗೆ ಅವರು ಏನು ಹೇಳುತ್ತಾರೆ?"

ಸುಮಾ ಕನ್ನಡದಲ್ಲಿ ಕೇಳಿದಳು. ಅಣ್ಣ ಮಂಕಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವಳು ಇನ್ನೊಂದು ಸಲ ಕೇಳಿದಳು.

"ಅವಳನ್ನ ಕೇಳಿಲ್ಲ," ಅಂದ.

ಜೂಡಿ ತಲೆಯಾಡಿಸಿದರು. ಅಷ್ಟರಲ್ಲಿ ಟಾಮ್, ಕೀತ್ ಇಬ್ಬರೂ ಹೊರಗೆ ಬಂದರು. ಹೊರಡುವ ಹೊತ್ತಾಗಿತ್ತು. ಅಣ್ಣ ಜೂಡಿಗೆ ಕೈ ಮುಗಿದ, ಅವರೂ ಮುಗಿದರು. ಹ್ಞೂ ಅಂತಲೂ ಇಲ್ಲ, ಉಹ್ಞೂ ಅಂತಲೂ ಇಲ್ಲ. ಟಾಮ್, ಪಾಪ, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕೂತವನ ಹಾಗಿದ್ದ. ಸುಮಾ ಮಂಗಳವಾರ ಬೆಳಿಗ್ಗೆಯ ಪಾಳಿಗೆ ಹೋಗಬೇಕಾದ್ದರಿಂದ ನಮ್ಮೊಂದಿಗೇ ಹೊರಟಳು.

ನಿಲ್ದಾಣದಲ್ಲಿ ರಜೆಯ ಜನ, ಬುಟ್ಟಿ ಹಿಡಿದ ಮುದುಕಿಯರು, ತಳ್ಳುಗಾಡಿಯಲ್ಲಿ ಮಕ್ಕಳು. ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಮನೆಗಳ ಸಾಲಿನ ಮೇಲೆ ಚರ್ಚಿನ ಜೋಡಿ ಗೋಪುರ ಬಿಸಿಲಿಗೆ ಕೆನೆಬಣ್ಣವಾಗಿತ್ತು. ಗಂಟೆ ಮೂರು, ಸಖರಾಯಪಟ್ಟಣದಲ್ಲಿ ಏಳೂವರೆ.

"ಚಂದ್ರ, ಗಿರಿಜಂಗೆ ಫೋನ್ ಹಚ್ಚು," ಅಂದ ಅಣ್ಣ. ಅವನ ಕಿವಿ ಮಂದ, ಹಾಗಾಗಿ ಸ್ಪೀಕರಿಗೆ ಹಾಕಿ ಕೊಟ್ಟೆ.

"ಹೇಳಣ್ಣ," ಅಂದಳು ಅಕ್ಕ. "ಚಳಿ ಜಾಸ್ತೀನಾ? ಸುಮಿ ಹೆಂಗಿದಾಳೆ?"

"ಇದಾಳೆ, ಇಲ್ಲೇ ಕೂತಿದಾಳೆ. ಮನೆ ನೋಡಿದ್ವಿ ಕಣೇ."

"ಹೆಂಗಿದೆ?"

"ಚಿಕ್ಕ ಮನೆ. ಚೊಕ್ಕಟವಾಗಿಟ್ಟಿದಾರೆ. ಹುಡುಗ ಒಳ್ಳೇವ್ನು. ಅವರಪ್ಪ ದನ ಅಂದ್ರೆ ಪ್ರಾಣ ಬಿಡ್ತಾರೆ. ಅವರಮ್ಮ ಸಿಟ್ಟಿನವಳು."

"ಎಂಥ ಸಿಟ್ಟು?" ಎಂದು ಅಕ್ಕ ಕೇಳಿದಾಗ ದನಿ ಸಣ್ಣಗಾಗಿತ್ತು.

"ಉಣ್ಣಲ್ಲ ಅಂದೆ, ನನ್ನ ಮುಖಕ್ಕೇ ಬೈದ್ಲು. ಸುಮಿ ಅಳ್ತಿತ್ತು. ಬೈಯೋದು ಬಿಟ್ಟು ಅದನ್ನ ಕೂರಿಸಿ, ಬಡಿಸಿ, ಅದು ಉಣ್ಣೋವರ್ಗೂ ಪಕ್ಕದಲ್ಲಿ ನಿಂತಿದ್ಲು. ಆಮೇಲೆ ತಿರುಗಿ ಮತ್ತೆ ನನ್ನೇ ಬೈದ್ಲು."

ಸುಮಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಗಿರಿಜಾ, ನೀನು ಹೇಳು. ಕೊಡ್ಲಾ?"

ಫೋನು ಕಟ್ಟಾಯಿತೆಂದುಕೊಂಡೆ. ಕಟ್ಟಾಗಿರಲಿಲ್ಲ.

"ನನ್ನ ಕೇಳ್ತಿದೀಯಾ ಅಣ್ಣ?"

"ನಿನ್ನೇ ಕಣವ್ವ. ಆಗ್ಲೇ ಕೇಳ್ಬೇಕಿತ್ತು."

"ಕೊಡಣ್ಣ," ಅಂದಳು ಅಕ್ಕ. "ಕೊಟ್ಬಿಡು." ಉಸಿರು ಎಳೆದುಕೊಂಡಳು. "ಆಯಮ್ಮನ್ನ ಒಂದ್ಸಲ ಊರಿಗೆ ಕರ್ಕೊಂಡ್ ಬನ್ನಿ, ನಾನು ಮಾತಾಡ್ಬೇಕು. ಸುಮಿ, ಕೇಳಿಸ್ತೇನೇ? ಸೀರೆ ನಾನು ಆರಿಸ್ತೀನಿ. ನಿಮ್ಮಮ್ಮಂಗೆ ಬಿಡಬೇಡ, ಅವಳಿಗೆ ಬಣ್ಣ ಗೊತ್ತಾಗಲ್ಲ."

ರೈಲು ಬಂದು ನಮ್ಮ ಮುಂದೆಯೇ ನಿಂತಿತು. ಬಾಗಿಲು ತೆರೆದುಕೊಂಡವು, ಜನ ಇಳಿದರು, ಹತ್ತಿದರು. ಅಣ್ಣ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಸುಮಾ ಅಪ್ಪನ ಭುಜಕ್ಕೆ ತಲೆಯಿಟ್ಟಿದ್ದಳು. ಬಾಗಿಲು ಮುಚ್ಚಿಕೊಂಡು ರೈಲು ಹೊರಟುಹೋಯಿತು, ಮೂವರಲ್ಲಿ ಒಬ್ಬರೂ ಏಳಲಿಲ್ಲ. ಅಕ್ಕ ಇನ್ನೂ ಮಾತಾಡುತ್ತಿದ್ದಳು.